ಅಪ್‌ಡೇಟ್: ಕೊಳಲಿಗೂ ಕ್ಲಾರಿನೆಟ್‌ಗೂ ಜೋಡಿ ಸಿಕ್ಕಿತು

ನನ್ನ ಕೊಳಲು, ಅಕ್ಕನ ಮಗನ ಕ್ಲಾರಿನೆಟ್ ಜೊತೆಯಾಗಿ ನುಡಿಸಲು ಏನಿದೆ ಅಂತ ಕೇಳಿದ್ದೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ (ಪಾಶ್ಚಾತ್ಯ ಧಾಟಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ಪುಟ್ಟ ಹಾಡುಗಳು) ಹಿಡಿಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್! ಎಲ್ಲಾ ಶಂಕರಾಭರಣ ರಾಗದ, ಅಂದರೆ ಪಾಶ್ಚಾತ್ಯ ಮೇಜರ್ ಸ್ಕೇಲಿನ ಸ್ವರಗಳು. ಇಬ್ಬರಿಗೂ ಹೊಸದಲ್ಲ.

‘ಶ್ಯಾಮಲೇ ಮೀನಾಕ್ಷಿ’ಯಿಂದ ಶುರು ಮಾಡಿದೆವು. ಸ ಸ ಪ ಪ ದ ದ ಪ. ‘ಮಾಮಾ, ಇದು ಟ್ವಿಂಕಲ್ ಟ್ವಿಂಕಲ್ ಅಲ್ವಾ!’ ಅಂದ. ಧಾಟಿ ಅದೇ.

ಮೊದಲ ದಿನ ಶ್ರುತಿ ಕೂಡಲಿಲ್ಲ. ಕೊಳಲಿನ ಷಡ್ಜ (ಸ) ಪಾಶ್ಚಾತ್ಯ ಸ್ವರ ಜಿ. ಅವನದು ಬಿ ಫ್ಲಾಟ್ ಕ್ಲಾರಿನೆಟ್, ಹಾಳೆಯಲ್ಲಿ ಸಿ ಇದ್ದರೆ ಒಂದು ಸ್ವರ ಕೆಳಗೆ, ಬಿ ಫ್ಲಾಟ್ ಕೇಳಿಸುತ್ತದೆ. ಹಾಗಾಗಿ ಅವನ ಸ್ವರಗಳನ್ನು ಜಿಗಿಂತ ಒಂದು ಸ್ವರ ಮೇಲೆ, ಎ ಮೇಜರ್‌ನಲ್ಲಿ, ಮೂರು ಶಾರ್ಪ್ ಹಾಕಿ ಬರೆದುಕೊಟ್ಟೆ. ಕೂಡಿತು!

ಅವನು ಕೆಳಗಿನ ಸ್ಥಾಯಿಯಲ್ಲಿ ಊದುತ್ತಾನೆ. ಆ ದಪ್ಪ ದನಿಯ ಮೇಲೆ ಕೊಳಲು ಹಗುರಾಗಿ ನಿಲ್ಲುತ್ತದೆ. ಎಷ್ಟು ಚೆಂದ ಗೊತ್ತಾ! ಮುಂದಿನದು ‘ಸಂತತಂ ಪಾಹಿಮಾಂ’.