ಸಹಾಯ ಬೇಕು: ಒಂದೇ ಊರಿನ ಹೆಸರು ಡೇಟಾಬೇಸ್‌ನಲ್ಲಿ ಎರಡಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ತೊಗರಿ ಬೆಳೆಗಾರರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರ ವಿವರಗಳೆಲ್ಲ ಮೈಎಸ್‌ಕ್ಯೂಎಲ್ 8 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿವೆ.

ಪಿನ್‌ಕೋಡ್ 6 ಅಂಕಿ. ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿ 11 ಅಕ್ಷರ, ಐದನೆಯದು ಸೊನ್ನೆ. ಇವಕ್ಕೆ ಚೆಕ್ ನಿಯಮ (ತಪ್ಪು ನಮೂದನ್ನು ತಡೆಯುವ ನಿಯಮ) ಬರೆದಿದ್ದೇನೆ, ಸರಿಯಾಗಿ ನಡೆಯುತ್ತಿದೆ. 8.0.16ಕ್ಕಿಂತ ಹಳೆಯ ಆವೃತ್ತಿ ಬಳಸುವವರು ಎಚ್ಚರ, ಅಲ್ಲಿ ಆ ನಿಯಮ ಬರೆದರೂ ಜಾರಿಯಾಗುವುದಿಲ್ಲ.

ತೊಡಕಿರುವುದು ಊರಿನ ಹೆಸರಿನಲ್ಲಿ. ‘ಜೇವರ್ಗಿ’ಯ ‘ಜೇ’ ಕೆಲವು ದಾಖಲೆಗಳಲ್ಲಿ ಏತ್ವದ ಒಂದೇ ಯೂನಿಕೋಡ್ ಸಂಕೇತವಾಗಿದೆ (ಯೂನಿಕೋಡ್ ಎಂದರೆ ಕಂಪ್ಯೂಟರ್ ಪ್ರತಿ ಅಕ್ಷರ, ಚಿಹ್ನೆಗೆ ಬಳಸುವ ಸಂಖ್ಯಾ ಪದ್ಧತಿ), ಇನ್ನು ಕೆಲವದರಲ್ಲಿ ಎತ್ವ ಮತ್ತು ದೀರ್ಘ ಎಂದು ಎರಡು ಸಂಕೇತಗಳಾಗಿದೆ. ಕಣ್ಣಿಗೆ ಎರಡೂ ಒಂದೇ. ಕಾಲಂ ಬೈನರಿ ಕೊಲೇಷನ್‌ನಲ್ಲಿರುವುದರಿಂದ, ಅಂದರೆ ಸಂಕೇತಗಳನ್ನೇ ನೇರವಾಗಿ ಹೋಲಿಸುವುದರಿಂದ, ಯಂತ್ರಕ್ಕೆ ಬೇರೆ ಬೇರೆ. ‘ಅಫ್‌ಜಲ್‌ಪುರ’ದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಸೇರಿಸಿದ ಕಾಣದ ಅಕ್ಷರದ್ದೂ ಇದೇ ಕಥೆ. ಇದರಿಂದಾಗಿಯೇ ಹೋದ ವಾರ ಜೇವರ್ಗಿಯ ರೈತರೊಬ್ಬರ ಹೆಸರು ಬಿತ್ತನೆ ಬೀಜದ ಪಟ್ಟಿಯಿಂದ ಬಿಟ್ಟುಹೋಯಿತು. ಅಷ್ಟು ದೂರ ಬಂದವರು ಬರಿಗೈಯಲ್ಲಿ ಹಿಂತಿರುಗಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲಿ, 13ನೇ ಆವೃತ್ತಿಯಿಂದ, ಇಂಥ ಜೋಡಿ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಅಲ್ಲಿಗೇ ಹೋಗಬೇಕೇ, ಇಲ್ಲವೇ ಟ್ರಿಗರ್ (ದಾಖಲೆ ಸೇರಿಸುವಾಗ ತಾನಾಗಿ ಓಡುವ ಆದೇಶ) ಬರೆದು, ಒಂದರ ಬದಲು ಇನ್ನೊಂದನ್ನು ಹಾಕುವ ರಿಪ್ಲೇಸ್ ಫಂಕ್ಷನ್‌ನಿಂದ ಜೋಡಿ ಚಿಹ್ನೆಗಳನ್ನು ಒಂದುಗೂಡಿಸಿದರೆ ಸಾಕೇ? ತಾಲ್ಲೂಕಿಗೊಂದು ಗ್ರಾಮಗಳ ಪಟ್ಟಿ ಇಟ್ಟು, ಅದರಿಂದಲೇ ಆರಿಸುವಂತೆ ಮಾಡುವುದು ನನಗೆ ಹೆಚ್ಚು ಭದ್ರವೆನಿಸುತ್ತದೆ. ಆದರೆ ಹಳೆಯ ದಾಖಲೆಗಳನ್ನು ಮೊದಲು ತಿದ್ದಬೇಕಲ್ಲ!

ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮುಂಗಾರು ಬಿತ್ತನೆ ಶುರುವಾಗುವ ಮುನ್ನ ಇದು ಸರಿಯಾಗಬೇಕು.