ಗೀಸರಿನ ಅಡಿಯಿಂದ ನೀರು ಸೋರುತ್ತಿದೆ: ದುರಸ್ತಿಯೋ, ಹೊಸತೋ?

ಪ್ರಶ್ನೆ (ಮಲ್ಪೆಯಿಂದ)

ಮಾನ್ಯರೇ, ನಮ್ಮ ಬಚ್ಚಲುಮನೆಯ 25 ಲೀಟರಿನ ಗೀಸರಿಗೆ ಆರು ವರ್ಷವಾಯಿತು. ಬಾವಿಯ ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸಿ ಬಳಸುತ್ತೇವೆ. ಹದಿನೈದು ದಿನಗಳಿಂದ ಗೀಸರಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದು, ರಾತ್ರಿ ಇಟ್ಟ ಚೊಂಬು ಬೆಳಿಗ್ಗೆ ಅರ್ಧ ತುಂಬಿರುತ್ತದೆ. ನೋಡಲು ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ತೆರೆಯದೆ, ಹೊಸದನ್ನೇ ಹಾಕಿಸಿ ಎಂದು ಹೇಳಿ ಹೋದರು. ವಯಸ್ಸಾದ ಅಮ್ಮ ಅಲ್ಲಿಯೇ ಸ್ನಾನ ಮಾಡುವುದರಿಂದ ನನಗೆ ಖರ್ಚಿಗಿಂತ ಶಾಕ್ ಹೊಡೆದೀತೆಂಬ ಭಯವೇ ಹೆಚ್ಚು. ಏನು ಮಾಡುವುದು ಸರಿ?

ಉತ್ತರ (ಮಣಿಪಾಲದಿಂದ)

ಮೊದಲು ಗೀಸರಿನ ಎಂಸಿಬಿ (ಸ್ವಿಚ್ ಪೆಟ್ಟಿಗೆಯಲ್ಲಿ ಕರೆಂಟು ಕಡಿಯುವ ಸ್ವಿಚ್) ಇಳಿಸಿ, ಆಮೇಲೆ ಒಣಗಿದ ಕೈಯಿಂದ ಪ್ಲಗ್ ತೆಗೆಯಿರಿ. ಕಾರಣ ತಿಳಿಯುವವರೆಗೆ ಅಮ್ಮನವರಿಗೆ ಒಲೆಯಲ್ಲಿ ಕಾಯಿಸಿದ ನೀರೇ ಇರಲಿ. ಅನಂತರ ಗೀಸರನ್ನೂ ಪೈಪುಗಳನ್ನೂ ಬಟ್ಟೆಯಿಂದ ಪೂರ್ತಿ ಒರೆಸಿ, ಮೊದಲ ಹನಿ ಎಲ್ಲಿ ಮೂಡುತ್ತದೆ ಎಂದು ಟಾರ್ಚ್ ಹಿಡಿದು ಕಾಯಿರಿ, ಏಕೆಂದರೆ ಮೇಲಿನ ಜೋಡಣೆಯಲ್ಲಿ ಸೋರಿದ ನೀರು ಮೈಯುದ್ದಕ್ಕೂ ಇಳಿದು ಅಡಿಯಿಂದಲೇ ಬಂದಂತೆ ಕಾಣುತ್ತದೆ.

ಹೆಚ್ಚಿದ ಒತ್ತಡವನ್ನು ಹೊರಬಿಡುವ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಮಾತ್ರ ಹನಿ ಬಿದ್ದರೆ ಗಾಬರಿ ಬೇಡ. 25 ಡಿಗ್ರಿಯಿಂದ 60 ಡಿಗ್ರಿಗೆ ಕಾದ 25 ಲೀಟರ್ ನೀರು ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗುತ್ತದೆ, ಹಿಂದೆ ಹೋಗಲು ದಾರಿಯಿಲ್ಲದಾಗ ಅದು ಅಲ್ಲಿಂದಲೇ ಹೊರಬರಬೇಕು. ತಣ್ಣಗಿರುವಾಗಲೂ ಸೋರಿದರೆ ವಾಲ್ವ್ ಬದಲಿಸಿ. ಆದರೆ ಯಾರು ಹೇಳಿದರೂ ಅದರ ಬಾಯಿಯನ್ನು ಮುಚ್ಚಿಸಬೇಡಿ, ದಯವಿಟ್ಟು. ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟ ದಿನ ಟ್ಯಾಂಕ್ ಒಡೆಯದಂತೆ ಕಾಯುವುದು ಅದೇ.

ಉತ್ತರ (ಉಳ್ಳಾಲದಿಂದ)

ಕಡಲ ಬದಿಯವರಾದ ನಾವು ಆನೋಡ್ ಸರಳನ್ನು ಮರೆಯಬಾರದು. ಟ್ಯಾಂಕಿನೊಳಗಿನ ಈ ಮೆಗ್ನೀಸಿಯಂ ಸರಳು ತಾನು ಸವೆಯುತ್ತ ಉಕ್ಕನ್ನು ತುಕ್ಕಿನಿಂದ ಉಳಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುವುದರಿಂದ ಅದು ಬೇಗ ಕರಗಿಹೋಗುತ್ತದೆ. ನಾನು ಐದು ವರ್ಷ ತೆರೆದು ನೋಡಲಿಲ್ಲ. ಹೊರಕವಚದ ಅಂಚಿನಿಂದ ಕಂದು ಬಣ್ಣದ ನೀರು ಇಳಿಯಲಾರಂಭಿಸಿದಾಗ ಒಳಟ್ಯಾಂಕೇ ತೂತಾಗಿತ್ತು. ಅಂಟು ಮೆತ್ತಿಸಿದ್ದು ಹತ್ತು ದಿನವೂ ನಿಲ್ಲಲಿಲ್ಲ. ಹಾಗಾಗಿದ್ದರೆ ಹೊಸದನ್ನು ತರುವುದೇ ಸರಿ.

ಶಾಕಿನ ಭಯಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸಿರಿ. ಅರ್ತಿಂಗ್ ಒಂದನ್ನೇ ನಂಬಬೇಡಿ, ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿಯೂ ದುರ್ಬಲವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಒರೆಸಿ ನೋಡಿದಾಗ ವಾಲ್ವೂ ಕವಚದ ಅಂಚೂ ಒಣಗಿದ್ದವು, ಹನಿ ಮೂಡಿದ್ದು ಕಾಯಿಲ್ ಕೂರಿಸಿದ ಫ್ಲ್ಯಾಂಜ್ ಎಂಬ ತಟ್ಟೆಯ ಜೋಡಣೆಯಲ್ಲಿ. ಬೇರೊಬ್ಬ ಮೆಕ್ಯಾನಿಕರನ್ನು ಕರೆಸಿ ಬಿಚ್ಚಿಸಿದೆವು. ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಆನೋಡ್ ಸರಳು ತಂತಿಯಷ್ಟೇ ಉಳಿದಿತ್ತು. ಎರಡನ್ನೂ ಬದಲಿಸಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಎಡೆಬಿಡದೆ ಬರುವಷ್ಟು ಟ್ಯಾಂಕ್ ತುಂಬಿದ ಮೇಲೆಯೇ ಕರೆಂಟು ಕೊಟ್ಟೆವು. ಆರ್‌ಸಿಸಿಬಿಯನ್ನೂ ಅಂದೇ ಹಾಕಿಸಿದೆ. ಗೀಸರಿನ ಅಡಿಯಲ್ಲಿ ಹಾಸಿದ ಪತ್ರಿಕೆಯ ಹಾಳೆ ನಾಲ್ಕು ದಿನಗಳಿಂದ ಒಣಗಿಯೇ ಇದೆ.