ಒಂದೇ ಸದನ ಸಾಕಾ? ಬಳಗದ ಗುಂಪಲ್ಲಿ ನೆಬ್ರಾಸ್ಕಾ ಜಗಳ

ಗುರುರಾಜ (ಫಾರ್ವರ್ಡ್): "ಅಮೆರಿಕದ ನೆಬ್ರಾಸ್ಕಾ ರಾಜ್ಯ ಮೇಲ್ಮನೆಯನ್ನೇ ಕಿತ್ತೊಗೆದು ಖರ್ಚು ಅರ್ಧ ಮಾಡಿತು! ಅಲ್ಲಿ ಪಕ್ಷಗಳೂ ಇಲ್ಲ! ನಮಗೇಕೆ ವಿಧಾನ ಪರಿಷತ್ತು? ಹತ್ತು ಜನರಿಗೆ ಕಳಿಸಿ."

ಗುರುರಾಜ: ಶ್ರೀಧರ ಮಾವ, ಈಗೇನಂತೀರಿ? 75 ಜನರ ಸಂಬಳ, ಭತ್ಯೆ ಎಲ್ಲಾ ಉಳಿಯುತ್ತೆ.

ಶ್ರೀಧರ: ಅಳಿಯಂದ್ರೇ, ಎರಡೂ ಒಂದೇ ಥರದ ಮನೆಯಾ ಅಂತ ಮೊದಲು ನೋಡಿ. ನಮ್ಮ ಪರಿಷತ್ತಿಗೆ ಮಸೂದೆ ಕೊಲ್ಲೋ ಅಧಿಕಾರವೇ ಇಲ್ಲ. 197ನೇ ವಿಧಿ ಪ್ರಕಾರ ಮೊದಲ ಸಲ ಮೂರು ತಿಂಗಳು ಇಟ್ಕೋಬಹುದು, ವಿಧಾನಸಭೆ ಮತ್ತೆ ಪಾಸು ಮಾಡಿದ್ರೆ ಇನ್ನೊಂದು ತಿಂಗಳು. ಧನ ವಿಧೇಯಕಕ್ಕೆ ಬರೀ 14 ದಿನ. ನೆಬ್ರಾಸ್ಕಾದ ಹಳೇ ಸೆನೆಟ್ ಬೇಡ ಅಂದ್ರೆ ಮಸೂದೆ ಅಲ್ಲೇ ಸತ್ತುಹೋಗ್ತಿತ್ತು.

ವಿದ್ಯಾ: ಭಾವ, ನೆಬ್ರಾಸ್ಕಾದ ರಾಜಧಾನಿ ಲಿಂಕನ್‌ನಲ್ಲೇ ಕೂತಿದ್ದೀನಿ, ನಾನು ಹೇಳ್ತೀನಿ. ಅರ್ಧ ಖರ್ಚು ಅನ್ನೋದು ಸುಳ್ಳಲ್ಲ, ಆದ್ರೆ ಓಬೀರಾಯನ ಕಾಲದ ಲೆಕ್ಕ. ಎರಡು ಸದನದ ಕೊನೇ ಅಧಿವೇಶನಕ್ಕೆ 1935ರಲ್ಲಿ 2,02,593 ಡಾಲರ್. ಒಂದೇ ಸದನದ ಮೊದಲ ಅಧಿವೇಶನಕ್ಕೆ 1937ರಲ್ಲಿ 1,03,445. ಸದಸ್ಯರು 133ರಿಂದ 43ಕ್ಕೆ ಇಳಿದ್ರು, ಈಗ 49.

ವಿದ್ಯಾ: ಒಂದೇ ಸದನ ಸಾಕು ಅಂತ ಹೋರಾಡಿದ ಅಲ್ಲಿನ ರಾಜಕಾರಣಿ ಜಾರ್ಜ್ ನಾರಿಸ್ ಊರೂರು ಸುತ್ತಿ ಹೇಳಿದ್ದು ಮಾತ್ರ ಬರೀ ದುಡ್ಡಿನ ವಿಷಯ ಅಲ್ಲ. ಎರಡು ಸದನ ಎರಡು ಥರ ಪಾಸು ಮಾಡಿದ ಮಸೂದೆಗೆ ರಾಜಿ ಮಾಡಿಸೋಕೆ ಕಾನ್ಫರೆನ್ಸ್ ಕಮಿಟಿ ಅಂತ ಕೂರ್ತಿತ್ತು. ಬಾಗಿಲು ಹಾಕ್ಕೊಂಡು ನಾಲ್ಕಾರು ಜನ ಬರೆದದ್ದೇ ಕಾನೂನು. ಸದನಗಳು ಅದಕ್ಕೆ ಹೂಂ ಅನ್ನಬೇಕು ಇಲ್ಲಾ ಊಹೂಂ ಅನ್ನಬೇಕು, ಒಂದಕ್ಷರ ತಿದ್ದೋ ಹಾಗಿಲ್ಲ. ಯಾವ ಸಾಲನ್ನ ಯಾರು ಕೆಡಿಸಿದ್ರು ಅಂತ ಮತದಾರನಿಗೆ ಗೊತ್ತೇ ಆಗ್ತಿರಲಿಲ್ಲ. ನಾರಿಸ್‌ಗೆ ಸಿಟ್ಟಿದ್ದದ್ದು ಅದರ ಮೇಲೆ.

ಅನಂತ: ಅಕ್ಕ, ನಾರಿಸ್‌ಗೆ ಅಷ್ಟೊಂದು ಮಂಗಳಾರತಿ ಬೇಡ. ಒಂದೇ ಸದನ ಬೇಕಾ ಅಂತ ಜನರನ್ನ ಕೇಳಿದ 1934ರ ಅದೇ ಮತಪತ್ರದಲ್ಲಿ ಪಾನನಿರೋಧ ತೆಗೆಯೋ ಪ್ರಶ್ನೆ ಇತ್ತು, ಕುದುರೆ ಜೂಜಿನ ಪ್ರಶ್ನೆಯೂ ಇತ್ತು. ಆರ್ಥಿಕ ಕುಸಿತದ ಕಾಲ ಬೇರೆ, ಸರ್ಕಾರದ ಖರ್ಚು ಕಡಿಮೆ ಅಂದ್ರೆ ಯಾರು ಬೇಡ ಅಂತಾರೆ? ಒಂದೇ ಸದನಕ್ಕೆ 2,86,086 ಪರ, 1,93,152 ವಿರುದ್ಧ.

ವಿದ್ಯಾ: ಅದೂ ನಿಜ ಕಣೋ. ತಮಾಷೆ ಏನಂದ್ರೆ ಎರಡು ಸದನಕ್ಕೆ ಅಂತ ಕಟ್ಟಿದ ಹೊಸ ಕ್ಯಾಪಿಟಲ್, ಅಂದ್ರೆ ಅವರ ವಿಧಾನಸೌಧ, 1932ರಲ್ಲಷ್ಟೇ ಮುಗಿದಿತ್ತು. ಪೂರ್ವದ ಕಡೆ ಸೆನೆಟ್ ಹಾಲ್ ಐದೇ ವರ್ಷಕ್ಕೆ ಕೆಲಸ ಕಳ್ಕೊಂಡಿತು. ಈಗಿನ ಸಭೆ ಪಶ್ಚಿಮದ ಹಾಲ್‌ನಲ್ಲಿ.

ಗುರುರಾಜ: ಸರಿ, ಆ ಒಂದೇ ಸದನ ಅವಸರಕ್ಕೆ ಬಿದ್ರೆ ಹಿಡಿಯೋರು ಯಾರು?

ವಿದ್ಯಾ: ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿರೋದೇ ಅದು ಭಾವ. ಬೆಸ ವರ್ಷ 90 ದಿನ, ಸರಿ ವರ್ಷ 60 ದಿನ ಸದನ. ಮಸೂದೆಗಳನ್ನ ಮೊದಲ 10 ದಿನದಲ್ಲೇ ಮಂಡಿಸಬೇಕು. ಸಮಿತಿ ಪ್ರತಿಯೊಂದಕ್ಕೂ ಸಾರ್ವಜನಿಕ ಅಹವಾಲು ಸಭೆ ಮಾಡಲೇಬೇಕು, ಯಾರು ಬೇಕಾದ್ರೂ ಹೋಗಿ ಮೈಕ್ ಮುಂದೆ ಕೂರಬಹುದು. ಆಮೇಲೆ ಜನರಲ್ ಫೈಲ್, ಸೆಲೆಕ್ಟ್ ಫೈಲ್, ಫೈನಲ್ ರೀಡಿಂಗ್, ಹೀಗೆ ಮೂರು ಸುತ್ತು. ಕೊನೇ ಸುತ್ತಿನಲ್ಲಿ ಕ್ಲರ್ಕ್ ಇಡೀ ಮಸೂದೆ ಗಟ್ಟಿಯಾಗಿ ಓದಬೇಕು, ಐದರಲ್ಲಿ ಮೂರು ಪಾಲು ಜನ ಬೇಡ ಅಂದ್ರೆ ಮಾತ್ರ ಬಿಡಬಹುದು. ಪಾಸಾಗೋಕೆ 25 ಮತ. ತಕ್ಷಣ ಜಾರಿಗೆ ಬರಬೇಕು ಅಂದ್ರೆ 33, ಇಲ್ಲಾಂದ್ರೆ ಅಧಿವೇಶನ ಮುಗಿದು ಮೂರು ತಿಂಗಳು ಕಾಯಬೇಕು. ಗವರ್ನರ್ ವೀಟೋ ಮಾಡಿದ್ರೆ ಅದನ್ನ ಮೀರೋಕೆ 30.

ಅನಂತ: ಆ 25 ಹೆಸರಿಗೆ ಮಾತ್ರ. ವಿವಾದದ ಮಸೂದೆಯಾದ್ರೆ ವಿರೋಧಿಗಳು ಮಾತಾಡ್ತಾನೇ ಇರ್ತಾರೆ, "ಮುಂದೂಡಿ", "ಸಮಿತಿಗೆ ವಾಪಸ್ ಕಳಿಸಿ" ಅಂತ ಸೂಚನೆ ತರ್ತಾನೇ ಇರ್ತಾರೆ. ಚರ್ಚೆ ನಿಲ್ಲಿಸೋಕೆ 49ರಲ್ಲಿ 33 ಬೇಕು. ಆರು ವಾರದ ಗರ್ಭಪಾತ ನಿಷೇಧದ ಮಸೂದೆ ಎಲ್‌ಬಿ 626 (ಎಲ್‌ಬಿ ಅಂದ್ರೆ ಲೆಜಿಸ್ಲೇಟಿವ್ ಬಿಲ್) ಏಪ್ರಿಲ್ 2023ರಲ್ಲಿ ಬಿದ್ದದ್ದು ಹೇಗೆ? 32 ಮತ ಬಂತು, ಒಂದು ಕಡಿಮೆ. ರದ್ದಾಗಿಹೋದ ಸೆನೆಟ್ ಈ 33ರ ವೇಷದಲ್ಲಿ ವಾಪಸ್ ಬಂದಿದೆ ಅಷ್ಟೇ.

ವಿದ್ಯಾ: ಬಂದಿರಲಿ ಬಿಡು. ಯಾರು ಅಡ್ಡ ಬಂದ್ರು ಅನ್ನೋದು ಹೆಸರು ಸಮೇತ ದಾಖಲಾಗುತ್ತಲ್ಲ, ಮುಚ್ಚಿದ ಕಮಿಟಿಗಿಂತ ವಾಸಿ.

ಅನಂತ: ಆಮೇಲೇನಾಯ್ತು ಹೇಳು. ಮೂರೇ ವಾರದಲ್ಲಿ 12 ವಾರದ ನಿಷೇಧವನ್ನ ತಂದು ಎಲ್‌ಬಿ 574ಕ್ಕೆ ತಿದ್ದುಪಡಿಯಾಗಿ ಅಂಟಿಸಿದ್ರು. ಆ ಮಸೂದೆ ಇದ್ದದ್ದು ಅಪ್ರಾಪ್ತ ಟ್ರಾನ್ಸ್‌ಜೆಂಡರ್ ಮಕ್ಕಳ ಚಿಕಿತ್ಸೆ ಬಗ್ಗೆ. ಸರಿಯಾಗಿ 33 ಮತ. ಒಂದು ಮಸೂದೆಗೆ ಒಂದೇ ವಿಷಯ ಅಂತ ಅವರ ಸಂವಿಧಾನದಲ್ಲೇ ಇದೆ, ಆದ್ರೂ ಎರಡೂ "ಆರೋಗ್ಯ" ತಾನೇ ಅಂತ ನೆಬ್ರಾಸ್ಕಾ ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿಹಿಡಿಯಿತು. ಕಾಯ್ದೆ ರದ್ದು ಮಾಡೋಕೆ ಅಲ್ಲಿ 7 ನ್ಯಾಯಮೂರ್ತಿಗಳಲ್ಲಿ 5 ಜನ ಒಪ್ಪಬೇಕು ಬೇರೆ. ಇನ್ನೊಂದು ಸದನ ಇದ್ದಿದ್ರೆ ಆ ಅಂಟಿಸಿದ ತುಂಡನ್ನ ಮತ್ತೊಂದು ಸಲ ಕೂತು ನೋಡೋಕೆ ಅವಕಾಶ ಇರ್ತಿತ್ತು.

ಶ್ರೀಧರ: ನೋಡ್ತಿದ್ರಾ ಅನ್ನೋದೇ ಸಂಶಯ ಕಣೋ. ಅಮೆರಿಕದ ರಾಜ್ಯಗಳಲ್ಲಿ ಮೇಲ್ಮನೆಗೆ ಬೇರೆ ಗುಣ ಇದ್ದದ್ದು 1964ರವರೆಗೆ. ಅಮೆರಿಕದ ಸುಪ್ರೀಂ ಕೋರ್ಟಿನ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ತೀರ್ಪಲ್ಲಿ ಎರಡೂ ಸದನಗಳ ಕ್ಷೇತ್ರ ಜನಸಂಖ್ಯೆ ಪ್ರಕಾರವೇ ಇರಬೇಕು ಅಂತ ಆಯ್ತು. ಅದೇ ಜನ, ಅದೇ ಪಕ್ಷ, ದೊಡ್ಡ ಕ್ಷೇತ್ರ ಅಷ್ಟೇ.

ಗುರುರಾಜ: ಪಕ್ಷ ಇಲ್ಲ ಅಂತ ಬರೆದಿದೆಯಲ್ಲ ಮಾವ?

ವಿದ್ಯಾ: ಮತಪತ್ರದಲ್ಲಿ ಹೆಸರಿನ ಮುಂದೆ ಪಕ್ಷ ಇರಲ್ಲ. ಪ್ರೈಮರಿ ಅನ್ನೋ ಮೊದಲ ಸುತ್ತಿನಲ್ಲಿ ಮೊದಲೆರಡು ಸ್ಥಾನ ಬಂದವರು ನವೆಂಬರ್ ಚುನಾವಣೆಗೆ ಹೋಗ್ತಾರೆ, ಇಬ್ಬರೂ ಒಂದೇ ಪಕ್ಷದವರಾದ್ರೂ ಸರಿ. ಸಮಿತಿ ಅಧ್ಯಕ್ಷರನ್ನ ಇಡೀ ಸದನ ಗುಪ್ತ ಮತದಿಂದ ಆರಿಸುತ್ತೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಕೀಲಿ ಅದೇ, ಪಕ್ಷದ ಮುಖಂಡ ಯಾರಿಗೂ ಕುರ್ಚಿ ಹಂಚೋಕೆ ಆಗಲ್ಲ.

ಅನಂತ: ಆದ್ರೂ 33 ಜನ ರಿಪಬ್ಲಿಕನ್ನರು ಅಂತ ಹಾದೀಲಿ ಹೋಗೋನೂ ಹೇಳ್ತಾನೆ.

ವಿದ್ಯಾ: ಹೇಳಲಿ. ಅಧ್ಯಕ್ಷ ಚುನಾವಣೆಯಲ್ಲಿ ರಾಜ್ಯದ ಎಲೆಕ್ಟೋರಲ್ ಮತಗಳಲ್ಲಿ ದೊಡ್ಡ ಊರು ಒಮಾಹಾ ಇರೋ ಕ್ಷೇತ್ರದ ಒಂದು ಮತ ಬೇರೆ ಅಭ್ಯರ್ಥಿಗೆ ಹೋಗಬಹುದಾದ ಪದ್ಧತಿ 1991ರ ಕಾನೂನು. ಅದನ್ನ ತೆಗೆದು ಗೆದ್ದವರಿಗೇ ಪೂರ್ತಿ ಕೊಡೋಣ ಅನ್ನೋ ಎಲ್‌ಬಿ 3ಕ್ಕೆ 2025ರಲ್ಲಿ ಚರ್ಚೆ ನಿಲ್ಲಿಸೋಕೆ ಬಿದ್ದದ್ದು 31. ಮತ್ತೆ 33 ಎಲ್ಲಿ?

ಗುರುರಾಜ: ಜನರಿಗೇ ಇಷ್ಟ ಆಗದ ಕಾನೂನು ಪಾಸಾದ್ರೆ?

ವಿದ್ಯಾ: ಸಹಿ ಸಂಗ್ರಹ. ನೋಂದಾಯಿತ ಮತದಾರರ 5% ಸಹಿ ಹಾಕಿದ್ರೆ ಕಾನೂನು ಜನಮತಕ್ಕೆ ಹೋಗುತ್ತೆ, 10% ಆದ್ರೆ ಅಲ್ಲಿಯವರೆಗೆ ಜಾರಿಯೇ ಆಗಲ್ಲ. ಎಲ್ಲಾ ಸಹಿ ಒಮಾಹಾದಲ್ಲೇ ಬಾಚೋ ಹಾಗಿಲ್ಲ, 93 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯ ಹಾಗೆ) 38ರಲ್ಲಾದ್ರೂ 5% ಬರಬೇಕು. 2015ರಲ್ಲಿ ವೀಟೋ ಮೀರಿ 30-19ರಲ್ಲಿ ಮರಣದಂಡನೆ ರದ್ದಾಯ್ತು. 2016ರಲ್ಲಿ ಸುಮಾರು 61% ಜನ ವಾಪಸ್ ತಂದ್ರು.

ಅನಂತ: ಆ ಸಹಿ ಅಭಿಯಾನಕ್ಕೆ ಗವರ್ನರ್ ರಿಕೆಟ್ಸ್ ಸ್ವಂತ ದುಡ್ಡು ಹಾಕಿದ್ದನ್ನೂ ಹೇಳಕ್ಕ. ಸದನದಲ್ಲಿ ಸೋತವರು ಜೇಬಿಂದ ಗೆದ್ದರು. ಸೆನೆಟರ್‌ಗೆ, ಅಂದ್ರೆ ಈ ಸದನದ ಸದಸ್ಯರಿಗೆ, ಸಂಬಳ ವರ್ಷಕ್ಕೆ 12,000 ಡಾಲರ್, 1988ರಿಂದ ಏರಿಲ್ಲ. ಸತತ ಎರಡು ಅವಧಿ ಆದ್ಮೇಲೆ ಮನೆಗೆ. ಹಳೇ ಮಸೂದೆಯ ಜಾತಕ ನೆನಪಿರೋದು ಲಾಬಿಯವರಿಗೆ ಮಾತ್ರ.

ವಿದ್ಯಾ: ಸಂಬಳದ ಮಾತು ಒಪ್ಪಿದೆ. ಆ ದುಡ್ಡಿಗೆ ಮೇಷ್ಟ್ರು, ನರ್ಸು ಚುನಾವಣೆಗೆ ನಿಲ್ಲೋಕಾಗಲ್ಲ.

ಶ್ರೀಧರ: ಅಳಿಯಂದ್ರೇ, ಪರಿಷತ್ತು ತೆಗೀಬೇಕು ಅಂದ್ರೆ ದಾರಿ 169ನೇ ವಿಧಿ. ವಿಧಾನಸಭೆಯ ಒಟ್ಟು 224ರ ಬಹುಮತವೂ ಬೇಕು, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟೂ ಬೇಕು. ಆಮೇಲೆ ಸಂಸತ್ತು ಕಾನೂನು ಮಾಡಬೇಕು. ಆಂಧ್ರದವರು 1985ರಲ್ಲಿ ತೆಗೆದು 2007ರಲ್ಲಿ ವಾಪಸ್ ತಂದ್ರು. ತೆಗೆಯೋ ಮುಂಚೆ ಪ್ರತಿ ಮಸೂದೆಗೂ ಅಹವಾಲು ಸಭೆ ಕಡ್ಡಾಯ ಮಾಡ್ತೀರಾ, ಅದನ್ನ ಹೇಳಿ.

ಗುರುರಾಜ: ಅದಕ್ಕೇನು ಖರ್ಚಾಗುತ್ತೆ ಮಾವ?

ಅನಂತ: 😂😂

ಶ್ರೀಧರ: ಹಾಲ್, ಮೈಕ್, ನಡಾವಳಿ ಬರೆಯೋ ವರದಿಗಾರರು. ಮುಖ್ಯವಾಗಿ ಮಂತ್ರಿಗಳ ಟೈಮು. ಆ ಕೊನೆಯದೇ ಸಿಗಲ್ಲ.